ಪಿಸುಮಾತನ್ನು ಬರೆಯುವ ಬಗೆ: ಮೆಲುದನಿಗೂ ಗುಟ್ಟಿನ ಸುಳಿವಿಗೂ ತಕ್ಕ ಪದ ಆರಿಸಿಕೊಳ್ಳಲು ಒಂದು ಮಾರ್ಗದರ್ಶಿ

ಕತೆ ಬರೆಯುವವರೂ ಅನುವಾದ ಮಾಡುವವರೂ ಮೆಲ್ಲಗೆ ಆಡಿದ ಮಾತು ಎದುರಾದ ಕೂಡಲೇ "ಪಿಸುಗುಟ್ಟಿದಳು" ಎಂದು ಬರೆದು ಮುಂದಕ್ಕೆ ಹೋಗುವುದನ್ನು ಮತ್ತೆ ಮತ್ತೆ ಕಾಣುತ್ತೇವೆ. ಮಗುವನ್ನು ಮಲಗಿಸುವ ತಾಯಿ ಪಿಸುಗುಟ್ಟುತ್ತಾಳೆ, ಸಾಲ ಕೊಟ್ಟವನು ಬಾಗಿಲಿಗೆ ಬಂದಾಗ ಗಂಡ ಹೆಂಡತಿಗೆ ಪಿಸುಗುಟ್ಟುತ್ತಾನೆ, ಸಾವಿನ ಮನೆಯ ಜಗಲಿಯ ಮೇಲೆ ಕುಳಿತ ನೆಂಟರೂ ಪಿಸುಗುಟ್ಟುತ್ತಾರೆ. ಈ ಮೂವರ ಮಾತಿನ ಕಾರಣವೂ ದನಿಯೂ ಬೇರೆ ಬೇರೆಯಾಗಿರುವಾಗ ಒಂದೇ ಕ್ರಿಯಾಪದ ಮೂರನ್ನೂ ಸವೆಸಿ ಒಂದೇ ಆಕಾರಕ್ಕೆ ತಂದುಬಿಡುತ್ತದೆ. ಕನ್ನಡಕ್ಕೆ ಈ ಬಗೆಯ ಬಡತನವಿಲ್ಲ. ನಮ್ಮ ಮನೆಯ ಮಾತಿನಲ್ಲಿ, ಕಿವಿ, ಉಸಿರು, ಹೊಟ್ಟೆ, ತುಟಿಗಳ ಮೇಲೆ ಕಟ್ಟಿದ ನುಡಿಗಟ್ಟುಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ನಮ್ಮ ಕ್ರಿಯಾಪದಗಳ ರಚನೆಯಲ್ಲಿಯೇ ಗುಟ್ಟನ್ನು ಹೇಳುವ ಮತ್ತು ಹೇಳದಿರುವ ಉಪಾಯಗಳು ತುಂಬಿವೆ. ಅವುಗಳಲ್ಲಿ ಯಾವುದನ್ನು ಎಲ್ಲಿ ಬಳಸಬೇಕು ಎಂಬುದನ್ನು ಬರೆಯುವವರ ಅನುಕೂಲಕ್ಕಾಗಿ ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ವಿವರಿಸಿದ್ದೇನೆ.

ಮೊದಲನೆಯ ಹೆಜ್ಜೆ: ಈ ಮಾತು ಯಾರಿಗೆ ಕೇಳಿಸಬಾರದು?

ಪದವನ್ನು ಹುಡುಕುವ ಮೊದಲು ಈ ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ. ದನಿ ತಗ್ಗುವುದಕ್ಕೆ ಯಾವಾಗಲೂ ಒಂದು ಕಾರಣವಿರುತ್ತದೆ. ಮಲಗಿರುವ ಮಗು ಎಚ್ಚರವಾಗಬಾರದು ಎಂದು ತಗ್ಗಿಸಿದ ದನಿಯಲ್ಲಿ ಗುಟ್ಟೇನೂ ಇಲ್ಲ, ಇರುವುದು ಮಮತೆ. ಅಲ್ಲಿ "ಮೆಲ್ಲನೆ", "ಮೆಲುದನಿಯಲ್ಲಿ", "ಸಣ್ಣ ದನಿಯಲ್ಲಿ" ಎಂಬ ಪದಗಳು ಸಾಕಾಗುತ್ತವೆ. ಹಿರಿಯರ ಎದುರಿಗೆ ತಗ್ಗಿಸಿದ ದನಿಯಲ್ಲಿ ಇರುವುದು ಅಂಜಿಕೆ ಅಥವಾ ಗೌರವ. ಅದಕ್ಕೆ "ತಗ್ಗಿದ ದನಿಯಲ್ಲಿ" ಎಂಬುದು ಚೆನ್ನಾಗಿ ಹೊಂದುತ್ತದೆ, ಏಕೆಂದರೆ ತಗ್ಗುವುದು ತಲೆಯ ಕೆಲಸವೂ ಹೌದು. ಪಕ್ಕದಲ್ಲಿಯೇ ಇರುವ ಒಬ್ಬರನ್ನು ಬೇಕೆಂದೇ ಮಾತಿನಿಂದ ಹೊರಗಿಟ್ಟಾಗ ಮಾತ್ರ ಗುಟ್ಟು ಹುಟ್ಟುತ್ತದೆ. ಆ ಒಬ್ಬರು ಯಾರು ಎಂಬುದು ಬರೆಯುವವರಿಗೆ ಖಚಿತವಾಗಿದ್ದರೆ ಪದದ ಆಯ್ಕೆ ಅರ್ಧ ಮುಗಿದ ಹಾಗೆ.

ಸ್ಥಳವನ್ನೂ ಗಮನಿಸಬೇಕು. ಹಳೇ ಮೈಸೂರಿನ ಪಾತ್ರ "ಮೆತ್ತಗೆ ಮಾತಾಡು" ಎಂದರೆ, ಮಂಗಳೂರಿನ ಕಡೆಯವರು "ಮೆಲ್ಲ ಮಾತಾಡಿ" ಎನ್ನುತ್ತಾರೆ, ಧಾರವಾಡದ ಕಡೆಯ ಪಾತ್ರದ ಬಾಯಲ್ಲಿ "ಸಣ್ಣಗ ಮಾತಾಡ್ರಿ" ಬಂದೀತು. ನಿರೂಪಣೆ ಗ್ರಾಂಥಿಕವಾಗಿದ್ದರೂ ಸಂಭಾಷಣೆಯಲ್ಲಿ ಈ ರೂಪಗಳನ್ನು ಹಾಗೆಯೇ ಉಳಿಸಿಕೊಳ್ಳುವುದು ಒಳ್ಳೆಯದು.

ಎರಡನೆಯ ಹೆಜ್ಜೆ: ಕೇಳುವ ಕಿವಿ ಒಳಗಿದೆಯೋ ಹೊರಗಿದೆಯೋ?

"ಪಿಸುಗುಟ್ಟು" ಮತ್ತು "ಗುಸುಗುಸು" ಎಂಬ ಎರಡು ಪದಗಳನ್ನು ಸಮಾನಾರ್ಥಕಗಳೆಂದು ಬಳಸುವುದು ಸಾಮಾನ್ಯವಾದ ತಪ್ಪು. ಅವುಗಳ ನಡುವೆ ದೊಡ್ಡ ವ್ಯತ್ಯಾಸವಿದೆ, ಅದು ವಾಕ್ಯರಚನೆಯಲ್ಲಿಯೇ ಕಾಣಿಸುತ್ತದೆ. "ನಾಳೆ ಬಾ ಎಂದು ಪಿಸುಗುಟ್ಟಿದಳು" ಎಂದು ಬರೆಯಬಹುದು, ಏಕೆಂದರೆ ಪಿಸುಗುಟ್ಟುವಾಗ ಮಾತು ಒಬ್ಬರಿಗಾದರೂ ಸ್ಪಷ್ಟವಾಗಿ ಕೇಳಿಸುತ್ತದೆ ಮತ್ತು ನಿರೂಪಕರು ಆ ಒಬ್ಬರ ಪಕ್ಕದಲ್ಲಿ ನಿಂತಿರುತ್ತಾರೆ. "ನಾಳೆ ಬಾ ಎಂದು ಗುಸುಗುಸು ಎಂದಳು" ಎಂದರೆ ಕಿವಿಗೆ ಒಪ್ಪುವುದಿಲ್ಲ. ಗುಸುಗುಸು ಎಂಬುದು ಹೊರಗೆ ಉಳಿದವರಿಗೆ ಕೇಳಿಸುವ ಸದ್ದು: ಇಬ್ಬರೋ ಮೂವರೋ ಮಾತಾಡುತ್ತಿದ್ದಾರೆ ಎಂಬುದು ತಿಳಿಯುತ್ತದೆ, ಏನು ಮಾತಾಡುತ್ತಿದ್ದಾರೆ ಎಂಬುದು ತಿಳಿಯುವುದಿಲ್ಲ. ಆದ್ದರಿಂದ ನಿರೂಪಣೆ ಗುಟ್ಟಿನ ಒಳಗಿನವರ ಕಡೆಯಿಂದ ಸಾಗುತ್ತಿದ್ದರೆ ಪಿಸುಗುಟ್ಟುವುದು ಸರಿ, ಹೊರಗಿನವರ ಕಡೆಯಿಂದ ಸಾಗುತ್ತಿದ್ದರೆ ಗುಸುಗುಸು ಸರಿ. ನಡುಮನೆಯಲ್ಲಿ ಕುಳಿತ ಹೊಸ ಸೊಸೆಗೆ ಅಡುಗೆಮನೆಯಿಂದ ಕೇಳಿಸುವುದು ಗುಸುಗುಸು; ಅದನ್ನು "ಪಿಸುಮಾತು ಕೇಳಿಸಿತು" ಎಂದು ಬರೆದರೆ ಅವಳ ಅನುಮಾನದ ಭಾರ ಕಡಿಮೆಯಾಗುತ್ತದೆ.

ಈ ಗುಸುಗುಸು ಬೆಳೆಯುವ ಕ್ರಮವೂ ನಮ್ಮ ಭಾಷೆಯಲ್ಲಿ ಅಂದವಾಗಿ ಅಡಕವಾಗಿದೆ. ಇಬ್ಬರ ಪಿಸುಮಾತು ನಾಲ್ವರ ಗುಸುಗುಸುವಾಗುತ್ತದೆ, ನೂರು ಜನರ ನಡುವೆ ಗುಲ್ಲಾಗುತ್ತದೆ, ಮೂಲ ಯಾರೆಂದು ತಿಳಿಯದಿದ್ದಾಗ ಗಾಳಿಸುದ್ದಿ ಎನಿಸಿಕೊಳ್ಳುತ್ತದೆ. "ಗುಲ್ಲೆದ್ದಿತು" ಎಂದು ಬರೆದ ಮೇಲೆ ಮತ್ತೆ ಅದನ್ನು ರಹಸ್ಯವೆಂದು ಕರೆಯಲು ಬರುವುದಿಲ್ಲ.

ಪಿಸುಗುಟ್ಟು ಎಂಬ ಪದದ ಕೊನೆಯಲ್ಲಿ "ಗುಟ್ಟು" ಇರುವುದರಿಂದ ಅದಕ್ಕೂ ರಹಸ್ಯಕ್ಕೂ ಸಂಬಂಧವಿದೆ ಎಂದು ಕೆಲವರು ಭಾವಿಸುತ್ತಾರೆ. ವಟಗುಟ್ಟು, ಮಿಣುಗುಟ್ಟು, ಲೊಚಗುಟ್ಟು ಎಂಬ ಪದಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಇದು ಅನುಕರಣ ಪದಗಳಿಗೆ ಸೇರಿ ಕ್ರಿಯಾಪದವನ್ನು ಮಾಡುವ ಭಾಗವೆಂಬುದು ತಿಳಿಯುತ್ತದೆ. ಮಿಣುಗುಟ್ಟುವ ನಕ್ಷತ್ರಕ್ಕೆ ಯಾವ ಗುಟ್ಟೂ ಇಲ್ಲ. ಇನ್ನೊಂದು ಸ್ವಾರಸ್ಯವನ್ನೂ ಗಮನಿಸಬಹುದು. ಹಳಗನ್ನಡದ ಪಾಲು ಹಾಲಾಯಿತು, ಪೂ ಹೂವಾಯಿತು, ಆದರೆ ಪಿಸುಪಿಸು, ಪಟಪಟ, ಪಳಪಳ ಎಂಬ ಅನುಕರಣ ಪದಗಳಲ್ಲಿ ಪಕಾರ ಹಾಗೆಯೇ ನಿಂತಿದೆ. ಸದ್ದನ್ನು ಅನುಕರಿಸುವ ಪದ ಆ ಸದ್ದಿಗೆ ಅಂಟಿಕೊಂಡೇ ಇರಬೇಕಾಗುತ್ತದೆ. ಹಳೆಯ ಕಾವ್ಯಗಳಲ್ಲಿ ಕಾಣುವ "ಪಿಸುಣ" ಎಂಬ ಪದವನ್ನು ಮಾತ್ರ ಈ ಗುಂಪಿಗೆ ಸೇರಿಸಬಾರದು. ಅದು ಸಂಸ್ಕೃತದ ಪಿಶುನ ಪದದ ತದ್ಭವ, ಅರ್ಥ ಚಾಡಿಕೋರ.

ಮೆಲುದನಿಗೂ ಪಿಸುದನಿಗೂ ಇರುವ ವ್ಯತ್ಯಾಸವನ್ನು ನಿಮ್ಮ ಕೈಯಿಂದಲೇ ಪರೀಕ್ಷಿಸಬಹುದು. ಗಂಟಲಿನ ಮೇಲೆ ಬೆರಳಿಟ್ಟುಕೊಂಡು "ಗಾಳಿ" ಎಂದು ಮೆಲ್ಲಗೆ ಹೇಳಿ, ಬಳಿಕ ಅದನ್ನೇ ಪಿಸುಗುಟ್ಟಿ. ಮೊದಲನೆಯ ಸಲ ಬೆರಳಿಗೆ ಕಂಪನ ತಾಗುತ್ತದೆ, ಎರಡನೆಯ ಸಲ ತಾಗುವುದಿಲ್ಲ. ಪಿಸುಗುಟ್ಟುವಾಗ ಧ್ವನಿತಂತುಗಳು ಕಂಪಿಸದೆ ಬರಿಯ ಉಸಿರೇ ಮಾತಾಗುತ್ತದೆ, ಗ, ದ, ಬ ಮುಂತಾದ ಘೋಷಾಕ್ಷರಗಳು ಕ, ತ, ಪ ಮುಂತಾದ ಅಘೋಷಗಳ ಹತ್ತಿರಕ್ಕೆ ಸರಿಯುತ್ತವೆ. ಆದ್ದರಿಂದ "ಇಂಪಾದ ಕಂಠದಲ್ಲಿ ಪಿಸುಗುಟ್ಟಿದನು" ಎಂಬ ವಾಕ್ಯ ಆಗದ ಕೆಲಸವನ್ನು ಹೇಳುತ್ತದೆ. ಕಂಠ ಬೇಕಿದ್ದರೆ ಮೆಲುದನಿಯನ್ನು ಆರಿಸಿಕೊಳ್ಳಿ.

ಗೊಣಗು, ಗುನುಗು, ತೊದಲು ಇವುಗಳಲ್ಲಿಯೂ ದನಿ ಸಣ್ಣದಾಗಿರುತ್ತದೆ, ಆದರೆ ಗುಟ್ಟಿಗೆ ಅವು ಸಲ್ಲುವುದಿಲ್ಲ. ಗೊಣಗುವುದರಲ್ಲಿ ಅಸಮಾಧಾನವಿದೆ, ಅದು ಇನ್ನೊಬ್ಬರಿಗೆ ಕೇಳಿಸಲಿ ಎಂಬ ಆಸೆಯೂ ತುಸು ಇರುತ್ತದೆ. ಗುನುಗುವುದು ಹಾಡಿಗೆ ಸಂಬಂಧಿಸಿದ್ದು. ತೊದಲುವುದು ನಾಲಿಗೆಯ ಅಥವಾ ಧೈರ್ಯದ ಕೊರತೆ.

ಮೂರನೆಯ ಹೆಜ್ಜೆ: ಅಂಗಗಳ ಮೇಲೆ ಕಟ್ಟಿದ ನುಡಿಗಟ್ಟುಗಳನ್ನು ಬೇರ್ಪಡಿಸಿಕೊಳ್ಳುವುದು

ಇಲ್ಲಿ ಅತ್ಯಂತ ಎಚ್ಚರ ಬೇಕಾದದ್ದು ಕಿವಿಯ ವಿಷಯದಲ್ಲಿ. "ಕಿವಿಮಾತು" ಎಂಬುದು ಪದದ ರಚನೆಯನ್ನು ನೋಡಿದರೆ ಕಿವಿಯಲ್ಲಿ ಹೇಳಿದ ಮಾತು, ಆದರೆ ಇಂದು ಅದರ ಅರ್ಥ ಹಿತವಚನ. ಪತ್ರಿಕೆಗಳಲ್ಲಿ "ವಿದ್ಯಾರ್ಥಿಗಳಿಗೆ ಕಿವಿಮಾತು" ಎಂಬ ಶೀರ್ಷಿಕೆ ಬಂದಾಗ ಆ ಮಾತನ್ನು ಧ್ವನಿವರ್ಧಕದಲ್ಲಿ ಹೇಳಿರುತ್ತಾರೆ. ರಹಸ್ಯ ಹೇಳುವ ಸನ್ನಿವೇಶದಲ್ಲಿ ಇದನ್ನು ಬಳಸಿದರೆ ಓದುಗರು ಉಪದೇಶವನ್ನು ನಿರೀಕ್ಷಿಸುತ್ತಾರೆ. "ಕಿವಿಗೆ ಹಾಕು" ಎಂದರೆ ಮುಂದೆ ಬೇಕಾದೀತು ಎಂದು ತಿಳಿಸಿಡುವುದು: "ವಿಷಯವನ್ನು ದೊಡ್ಡಪ್ಪನ ಕಿವಿಗೆ ಹಾಕಿದ್ದೇನೆ" ಎನ್ನುವವರು ಏನನ್ನೂ ಕೇಳುತ್ತಿಲ್ಲ, ಆದರೆ ನಾಳೆ ಕೇಳಲಿದ್ದಾರೆ. "ಕಿವಿ ಊದು" ಎಂದರೆ ಚಾಡಿ ಹೇಳಿ ಮನಸ್ಸು ಕೆಡಿಸುವುದು. "ಕಿವಿಗೆ ಬಿತ್ತು" ಎಂದರೆ ತಾನಾಗಿ ಕೇಳಿಸಿತು. ಕದ್ದು ಕೇಳಿಸಿಕೊಂಡವರೂ ತಮ್ಮ ಬಗ್ಗೆ ಹೇಳಿಕೊಳ್ಳುವಾಗ ಈ ಮಾತನ್ನೇ ಬಳಸುತ್ತಾರೆ, ಆದ್ದರಿಂದ ಪಾತ್ರವೊಂದು "ನನ್ನ ಕಿವಿಗೆ ಬಿತ್ತು" ಎಂದು ಹೇಳುವುದನ್ನೂ ನಿರೂಪಕರು "ಬಾಗಿಲ ಹಿಂದೆ ನಿಂತಿದ್ದಳು" ಎಂದು ಬರೆಯುವುದನ್ನೂ ಹತ್ತಿರ ಹತ್ತಿರ ಇಟ್ಟರೆ ಆ ಪಾತ್ರದ ಸ್ವಭಾವ ಬೇರೆ ವಿವರಣೆಯಿಲ್ಲದೆ ತಿಳಿದುಬಿಡುತ್ತದೆ. ಹೇಳಿದ್ದನ್ನೆಲ್ಲ ನಂಬುವವರದು ಹಿತ್ತಾಳೆ ಕಿವಿ.

ಉಸಿರಿನ ಕಡೆಗೆ ಬಂದರೆ ಭಾಷೆ ಇನ್ನೂ ಆಳಕ್ಕೆ ಕರೆದೊಯ್ಯುತ್ತದೆ. ಹಳಗನ್ನಡದಲ್ಲಿ ಉಸಿರ್ ಎಂಬ ಧಾತುವಿಗೆ ಉಸಿರಾಡು ಎಂಬ ಅರ್ಥವೂ ಹೇಳು ಎಂಬ ಅರ್ಥವೂ ಇದ್ದವು. "ಕಿವಿಯಲ್ಲಿ ಉಸುರಿದನು" ಎಂಬ ಪ್ರಯೋಗದಲ್ಲಿ ಆ ಎರಡೂ ಇಂದಿಗೂ ಜೀವಂತವಾಗಿವೆ, ಹೇಳಿದ ಮಾತಿನ ಬಿಸಿ ಕೇಳುವವರ ಕಿವಿಗೆ ತಾಗುತ್ತದೆ. ಪ್ರೀತಿಯ ಸನ್ನಿವೇಶಕ್ಕೂ ಮರಣಶಯ್ಯೆಯ ಸನ್ನಿವೇಶಕ್ಕೂ ಇದು ಒಪ್ಪುವಷ್ಟು ಪಿಸುಗುಟ್ಟು ಒಪ್ಪುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅದೇ ಉಸಿರು ನಿಷೇಧಕ್ಕೂ ಬರುತ್ತದೆ: "ಯಾರ ಹತ್ತಿರವೂ ಉಸಿರೆತ್ತಬೇಡ". ಇದಕ್ಕೆ ಹೋಲಿಸಿದರೆ "ಯಾರಿಗೂ ಹೇಳಬೇಡ" ಎಂಬುದು ಬಹಳ ಪೇಲವ.

ಹೊಟ್ಟೆ ನಮ್ಮಲ್ಲಿ ಗುಟ್ಟಿನ ಉಗ್ರಾಣ. "ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ" ಎಂದರೆ ಗುಟ್ಟು ಕಾಯಲಾರಳು. ಆದರೆ "ಹೊಟ್ಟೆಗೆ ಹಾಕಿಕೊಳ್ಳಿ" ಎಂಬುದಕ್ಕೆ ಕ್ಷಮಿಸಿ ಎಂಬ ಅರ್ಥ ಬಲವಾಗಿದೆ, ಆದ್ದರಿಂದ ಗುಟ್ಟು ಕಾಯುವಂತೆ ಬೇಡಿಕೊಳ್ಳುವಾಗ ಈ ಮಾತನ್ನು ತರಬಾರದು. "ತುಟಿ ಪಿಟಕ್ಕೆನ್ನಲಿಲ್ಲ" ಎಂಬುದು ಪೂರ್ತಿ ಮೌನ; ಪೊಲೀಸರ ಮುಂದೆ ಕುಳಿತವನಿಗೆ ಅದು ಸಲ್ಲುತ್ತದೆ.

ನಾಲ್ಕನೆಯ ಹೆಜ್ಜೆ: ಗುಟ್ಟಿನ ತೂಕಕ್ಕೆ ತಕ್ಕ ಹೆಸರು

ಗುಟ್ಟು ಮನೆಯದು, ರಹಸ್ಯ ಎಲ್ಲೆಡೆಯದು, ಗೋಪ್ಯ ಕಚೇರಿಯದು ಎಂದು ಸ್ಥೂಲವಾಗಿ ಹೇಳಬಹುದು. ರಹಸ್ಯ ಎಂಬುದು ಏಕಾಂತ ಎಂಬ ಅರ್ಥದ ರಹಸ್ ಎಂಬ ಸಂಸ್ಕೃತ ಪದದಿಂದ ಬಂದದ್ದು. ಗೋಪ್ಯ ಎಂಬುದರ ಮೂಲದಲ್ಲಿ ಕಾಪಾಡು ಎಂಬ ಅರ್ಥವಿದೆ. ಮಂತ್ರಿಗಳು "ಅಧಿಕಾರ ಮತ್ತು ಗೋಪ್ಯತೆಯ" ಪ್ರಮಾಣವಚನ ಸ್ವೀಕರಿಸುವುದನ್ನು ನೆನಪಿಸಿಕೊಂಡರೆ ಈ ಪದದ ನೆಲೆ ತಿಳಿಯುತ್ತದೆ. ಮರ್ಮ ಎಂಬುದು ಮುಟ್ಟಿದರೆ ನೋಯುವ ಜಾಗ. ಅಜ್ಜಿಯ ಹುಳಿಯ ರುಚಿಗೆ ಕಾರಣವಾದದ್ದನ್ನು "ಗುಟ್ಟು" ಎನ್ನಿ; ಅದನ್ನು ಗೋಪ್ಯ ಎಂದರೆ ಕಡತದ ವಾಸನೆ ಬರುತ್ತದೆ.

ಗುಟ್ಟು ಹೊರಬೀಳುವುದನ್ನು ಹೇಳುವ ಕ್ರಿಯಾಪದಗಳನ್ನು ಇನ್ನೂ ಎಚ್ಚರದಿಂದ ಆರಿಸಬೇಕು. "ಬಿಟ್ಟುಕೊಟ್ಟರು" ಎಂದರೆ ಬಹಳ ಹೊತ್ತು ಹಿಡಿದಿಟ್ಟುಕೊಂಡು ಕೊನೆಗೆ ಹೇಳಿದರು. "ಬಾಯಿಬಿಟ್ಟರು" ಎಂದರೆ ಒತ್ತಾಯಕ್ಕೆ ಮಣಿದು ಹೇಳಿದರು. "ರಟ್ಟಾಯಿತು" ಎಂದರೆ ಬೇಡವೆಂದರೂ ತಿಳಿದುಹೋಯಿತು. "ಬಿಚ್ಚಿ ಹೇಳಿದರು", "ಬಿಡಿಸಿ ಹೇಳಿದರು", "ಒಡೆದು ಹೇಳಿದರು" ಎಂಬ ಮೂರರಲ್ಲಿ ಗುಟ್ಟು ಕ್ರಮವಾಗಿ ಗಂಟಾಗಿ, ಸಿಕ್ಕಾಗಿ, ಚಿಪ್ಪಿನೊಳಗಿನ ತಿರುಳಾಗಿ ಕಾಣಿಸುತ್ತದೆ. ಒಂದೇ ಪುಟದಲ್ಲಿ ಗುಟ್ಟನ್ನು ಗಂಟಾಗಿ ಕಟ್ಟಿ, ಬಳಿಕ ಒಡೆಯುವಂತೆ ಮಾಡಬೇಡಿ.

ಐದನೆಯ ಹೆಜ್ಜೆ: ಸುಳಿವು, ಸೂಚನೆ, ಇಂಗಿತ, ಸನ್ನೆ

ಸುಳಿವು ಎಂಬುದು ಸುಳಿದುಹೋದದ್ದರ ಗುರುತು. ಅದು ಬೇಕೆಂದು ಕೊಟ್ಟದ್ದಾಗಿರಬಹುದು, ಅರಿಯದೆ ಬಿಟ್ಟದ್ದೂ ಆಗಿರಬಹುದು. "ಸುಳಿವು ಕೊಟ್ಟರು" ಮತ್ತು "ಸುಳಿವು ಸಿಕ್ಕಿತು" ಎಂಬ ಎರಡು ಪ್ರಯೋಗಗಳು ಈ ವ್ಯತ್ಯಾಸವನ್ನು ತೋರಿಸುತ್ತವೆ. ಸೂಚನೆ ಎಂಬ ಪದ ಆಡಳಿತದ ಬಳಕೆಯಲ್ಲಿ ಆದೇಶದ ಹತ್ತಿರಕ್ಕೆ ಬಂದಿದೆ: "ಅಧಿಕಾರಿಗಳಿಗೆ ಸಚಿವರ ಸೂಚನೆ" ಎಂದರೆ ಅದರಲ್ಲಿ ಮುಚ್ಚುಮರೆಯೇನೂ ಇಲ್ಲ. ಆದ್ದರಿಂದ ಮರೆಯಿಂದ ಹೇಳಿದ್ದನ್ನು ಬರೆಯುವಾಗ "ಸೂಚ್ಯವಾಗಿ" ಎಂಬ ರೂಪ ಸುರಕ್ಷಿತ. ಇಂಗಿತ ಎಂಬುದಕ್ಕೆ ಮೊದಲು ಅಂಗಚೇಷ್ಟೆ, ಅದರಿಂದ ಊಹಿಸಬೇಕಾದ ಮನಸ್ಸಿನ ಭಾವ ಎಂಬ ಅರ್ಥವಿತ್ತು. ಈಗ ಪತ್ರಿಕೆಗಳಲ್ಲಿ "ಸ್ಪರ್ಧಿಸುವ ಇಂಗಿತ ವ್ಯಕ್ತಪಡಿಸಿದರು" ಎಂದು ಬಾಯಿಬಿಟ್ಟು ಹೇಳಿದ ಆಸೆಗೂ ಈ ಹೆಸರನ್ನೇ ಇಡುತ್ತಾರೆ. ಕತೆಯಲ್ಲಾದರೂ ಹಳೆಯ ಅರ್ಥವನ್ನು ಉಳಿಸಿಕೊಳ್ಳಬೇಕೆಂದು ನನ್ನ ಬಲವಾದ ಕೋರಿಕೆ, ಏಕೆಂದರೆ ಆ ಅರ್ಥಕ್ಕೆ ಇನ್ನೊಂದು ಪದ ಸುಲಭವಾಗಿ ಸಿಗುವುದಿಲ್ಲ.

ಸನ್ನೆಯನ್ನು ಬರೆಯುವಾಗ ಅಂಗವನ್ನು ಹೆಸರಿಸಿ: ಕಣ್ಸನ್ನೆ, ಕೈಸನ್ನೆ. ದನದ ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲಿನ ಮರೆಯಲ್ಲಿ ಒಬ್ಬರ ಬೆರಳುಗಳನ್ನು ಇನ್ನೊಬ್ಬರು ಹಿಡಿದು ಎತ್ತಿನ ಬೆಲೆ ಕುದುರಿಸುವುದನ್ನು ನೋಡಿದವರಿಗೆ, ಸುತ್ತ ನೂರು ಜನ ನಿಂತಿರುವಾಗಲೂ ಒಂದು ಮಾತೂ ಆಡದೆ ಗುಟ್ಟು ಕೈಯಿಂದ ಕೈಗೆ ಹೋಗುವ ಬಗೆ ಅರ್ಥವಾಗುತ್ತದೆ. ಅಂಥ ದೃಶ್ಯಕ್ಕೆ "ರಹಸ್ಯವಾಗಿ" ಎಂಬ ಕ್ರಿಯಾವಿಶೇಷಣ ಬೇಕಾಗಿಯೇ ಇಲ್ಲ, ಟವೆಲು ಸಾಕು.

ಆರನೆಯ ಹೆಜ್ಜೆ: ವ್ಯಾಕರಣವೇ ಮರೆಯಾಗಲಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು, ಆದರೆ ಬರೆಯುವವರು ಹೆಚ್ಚಾಗಿ ದಾಟಿಹೋಗುವ ಹೆಜ್ಜೆಯೂ ಇದೇ. ಕನ್ನಡದ ಕ್ರಿಯಾಪದ ಬಂದನು, ಬಂದಳು ಎಂದು ಲಿಂಗವನ್ನು ಹೇಳಿಯೇ ಬಿಡುತ್ತದೆ. ಪತ್ತೇದಾರಿ ಕತೆಯಲ್ಲಿ ರಾತ್ರಿ ಬಂದವರು ಗಂಡೋ ಹೆಣ್ಣೋ ತಿಳಿಯಬಾರದು ಎಂದಿದ್ದರೆ ಈ ಪ್ರತ್ಯಯಗಳೇ ಗುಟ್ಟನ್ನು ರಟ್ಟು ಮಾಡುತ್ತವೆ. ಅದಕ್ಕೆ ಭಾಷೆಯೇ ಕೊಟ್ಟಿರುವ ದಾರಿಗಳಿವೆ. "ಯಾರೋ ಬಂದಿದ್ದರು" ಎಂಬ ಬಹುವಚನದಲ್ಲಿ ಲಿಂಗವೂ ಸಂಖ್ಯೆಯೂ ಮರೆಯಾಗುತ್ತವೆ. ನಿಷೇಧರೂಪದಲ್ಲಿ ಇನ್ನೂ ಹೆಚ್ಚಿನದು ಮರೆಯಾಗುತ್ತದೆ: "ಬರಲಿಲ್ಲ", "ಹೇಳಿಲ್ಲ" ಎಂಬ ರೂಪಗಳು ನಾನು, ನೀನು, ಅವನು, ಅವಳು ಎಲ್ಲರಿಗೂ ಸಲ್ಲುತ್ತವೆ. "ಬಂದಿರಬಹುದು", "ಬರಬೇಕು" ಎಂಬ ರೂಪಗಳೂ ಹಾಗೆಯೇ. ಕರ್ತೃಪದವನ್ನು ಬಿಟ್ಟು ಬರೆದರೂ ವಾಕ್ಯ ಸಹಜವಾಗಿ ನಿಲ್ಲುವ ಭಾಷೆ ನಮ್ಮದಾದ್ದರಿಂದ, "ಆ ಕಾಗದವನ್ನು ಒಲೆಗೆ ಹಾಕಬಾರದಿತ್ತು" ಎಂಬ ವಾಕ್ಯದಲ್ಲಿ ಹಾಕಿದವರು ಹೇಳುತ್ತಿರುವವರೋ ಕೇಳುತ್ತಿರುವವರೋ ಮೂರನೆಯವರೋ ಎಂಬುದು ತೆರೆದೇ ಇರುತ್ತದೆ.

"ಅಂತೆ" ಎಂಬುದು ಇನ್ನೊಂದು ಅಮೂಲ್ಯ ಸಾಧನ. "ಮನೆ ಮಾರಿದರಂತೆ" ಎಂದಾಗ ಸುದ್ದಿ ತಲುಪುತ್ತದೆ, ಹೊಣೆ ಮಾತ್ರ ಹೇಳುವವರ ಮೇಲೆ ಬೀಳುವುದಿಲ್ಲ. ಇದನ್ನೇ ಉತ್ತಮ ಪುರುಷಕ್ಕೆ ಹಚ್ಚಿದರೆ ಅರ್ಥ ತಿರುಗಿ ನಿಲ್ಲುತ್ತದೆ: "ನಾನು ಬೈದೆನಂತೆ" ಎಂದರೆ ನಾನು ಬೈದಿಲ್ಲ, ಹಾಗೆಂದು ಯಾರೋ ಹೇಳುತ್ತಿದ್ದಾರೆ. ಪತ್ರಿಕೆಯ "ಎನ್ನಲಾಗಿದೆ", "ಎಂದು ತಿಳಿದುಬಂದಿದೆ" ಎಂಬ ರೂಪಗಳೂ ಹೊಣೆಯನ್ನು ಜಾರಿಸಿಕೊಳ್ಳುವ ಕೆಲಸವನ್ನೇ ಮಾಡುತ್ತವೆ, ಆದರೆ ಪಾತ್ರಗಳ ಬಾಯಿಗೆ ಅವು ಬರಬಾರದು. "ಓ" ಎಂಬ ಪ್ರತ್ಯಯವನ್ನೂ ಮರೆಯಬೇಡಿ. "ಎಲ್ಲಿಗೋ ಹೋಗಿದ್ದಾರೆ" ಎಂಬ ಉತ್ತರಕ್ಕೆ ನನಗೆ ಗೊತ್ತಿಲ್ಲ ಎಂಬ ಅರ್ಥವಿರುವಷ್ಟೇ ನಿಮಗೆ ಹೇಳುವುದಿಲ್ಲ ಎಂಬ ಅರ್ಥವೂ ಇದೆ, ಯಾವುದೆಂದು ನಿರ್ಧರಿಸುವ ಭಾರ ಕೇಳಿದವರದಾಗುತ್ತದೆ.

ಅರ್ಧಕ್ಕೆ ನಿಂತ ಮಾತಿಗೆ ಚುಕ್ಕೆಗಳನ್ನು ಸಾಲಾಗಿ ಸುರಿಯುವ ಅಭ್ಯಾಸ ನಮ್ಮಲ್ಲಿ ಹೆಚ್ಚಾಗಿದೆ. ಕನ್ನಡದಲ್ಲಿ ಕ್ರಿಯಾಪದವೂ ನಿಷೇಧವೂ ವಾಕ್ಯದ ಕೊನೆಗೆ ಬರುವುದರಿಂದ ಕೊನೆಯ ಪದವೊಂದನ್ನು ತಡೆದರೆ ಆಯಿತೋ ಇಲ್ಲವೋ ಎಂಬುದೇ ತಿಳಿಯದಂತೆ ಆಗುತ್ತದೆ. "ನಿಮ್ಮ ತಮ್ಮ ನಿನ್ನೆ ಬ್ಯಾಂಕಿನಿಂದ ಅಷ್ಟೂ ಹಣವನ್ನು" ಎಂದು ನಿಲ್ಲಿಸಿ, ಮುಂದಿನ ಸಾಲಿನಲ್ಲಿ ಬಾಗಿಲು ತೆರೆದುಕೊಳ್ಳಲಿ. ತೆಗೆದನೋ, ತೆಗೆಯಲಿಲ್ಲವೋ, ಕಳೆದುಕೊಂಡನೋ ಎಂಬ ಕುತೂಹಲಕ್ಕೆ ಚುಕ್ಕೆಗಳ ಸಹಾಯ ಬೇಡ.

ಹೆಸರನ್ನು ಹೇಳದೆ ಹೇಳುವ ಪದ್ಧತಿಯಂತೂ ನಮ್ಮ ಮನೆಗಳಲ್ಲಿಯೇ ಬೆಳೆದದ್ದು. ಗಂಡನನ್ನು "ಇವರು", "ನಮ್ಮ ಮನೆಯವರು" ಎನ್ನುತ್ತಿದ್ದ ತಲೆಮಾರಿನ ಹೆಂಗಸರು ಊರಿನ ಪ್ರತಿಯೊಬ್ಬರನ್ನೂ "ಮೂಲೆಮನೆಯವರು", "ಅಂಗಡಿಯವರು" ಎಂದು ಗುರುತಿಸಿ ಇಡೀ ಕತೆಯನ್ನು ಹೆಸರಿಲ್ಲದೆ ಹೇಳಬಲ್ಲವರಾಗಿದ್ದರು.

ಕೊನೆಯ ಹೆಜ್ಜೆ: ಬರೆದದ್ದನ್ನು ತಿದ್ದುವುದು

ಈ ಕೆಳಗಿನ ಸಾಲುಗಳನ್ನು ಉದಾಹರಣೆಗಾಗಿ ನಾನೇ ಬರೆದಿದ್ದೇನೆ.

"ಜಾನಕಮ್ಮ ರಹಸ್ಯವಾಗಿ ಪಿಸುಗುಟ್ಟಿದರು: 'ನಿಮಗೊಂದು ರಹಸ್ಯವನ್ನು ಹೇಳುತ್ತೇನೆ, ಯಾರಿಗೂ ಹೇಳಬೇಡಿ. ಮೂಲೆಮನೆಯ ಶಾರದೆಯ ಮಗಳ ಮದುವೆ ನಿಂತುಹೋಗಿದೆ.' ಸುಬ್ಬಮ್ಮನಿಗೆ ಆಘಾತವಾಯಿತು."

ಇದರಲ್ಲಿ ರಹಸ್ಯ ಎಂಬ ಪದ ಎರಡು ಸಲ ಬಂದಿದೆ, ರಹಸ್ಯ ಮಾತ್ರ ಒಂದು ಕ್ಷಣವೂ ಉಳಿಯಲಿಲ್ಲ. ಮೇಲಿನ ಹೆಜ್ಜೆಗಳನ್ನು ಅನುಸರಿಸಿ ತಿದ್ದಿದರೆ ಹೀಗಾಗಬಹುದು:

ಜಾನಕಮ್ಮ ಬಾವಿಕಟ್ಟೆಯ ಕಡೆಗೊಮ್ಮೆ ನೋಡಿ ದನಿ ಇಳಿಸಿದರು.

"ಛತ್ರಕ್ಕೆ ಕೊಟ್ಟಿದ್ದ ಮುಂಗಡ ವಾಪಸು ಕೇಳಿದರಂತೆ ಕಣ್ರೀ."

"ಯಾರು?"

"ಯಾರೋ. ನನ್ನ ಬಾಯಲ್ಲಿ ಯಾಕೆ? ಮೂಲೆಮನೆಯಲ್ಲಿ ನಿನ್ನೆ ಸಂಜೆ ದೀಪಾನೂ ಹಚ್ಚಲಿಲ್ಲ."

ಸುಬ್ಬಮ್ಮನ ಕೈಯಲ್ಲಿದ್ದ ಮೊರ ನಿಂತಿತು. "ಅಯ್ಯೋ, ಮೊನ್ನೆ ತಾನೇ ಕರೆಯೋಲೆ ಕೊಟ್ಟು ಹೋದರಲ್ರೀ."

ಬಾವಿಕಟ್ಟೆಯ ಕಡೆಗೆ ನೋಡಿದ್ದರಿಂದ ಹೊರಗಿಡಬೇಕಾದವರು ಅಲ್ಲಿದ್ದಾರೆ ಎಂಬುದು ತಿಳಿಯಿತು. "ಅಂತೆ" ಹೊಣೆಯನ್ನು ಕಳಚಿತು, "ಯಾರೋ" ಹೆಸರನ್ನು ಮುಚ್ಚಿತು, "ಹಚ್ಚಲಿಲ್ಲ" ಎಂಬ ನಿಷೇಧರೂಪ ಕರ್ತೃವನ್ನೇ ಮರೆಮಾಡಿತು. ಮದುವೆ ಎಂಬ ಪದ ಯಾರ ಬಾಯಲ್ಲಿಯೂ ಬರಲಿಲ್ಲ, ಆದರೂ ಕರೆಯೋಲೆಯ ಮಾತು ಬಂದಾಗ ಓದುಗರು ಸುಬ್ಬಮ್ಮನ ಜೊತೆಯಲ್ಲಿಯೇ ವಿಷಯವನ್ನು ತಿಳಿದುಕೊಳ್ಳುತ್ತಾರೆ.

ತಿದ್ದಿದ ಮೇಲೆ ಸಂಭಾಷಣೆಯನ್ನು ನಿಜವಾಗಿಯೇ ಪಿಸುಗುಟ್ಟಿ ಓದಿ ನೋಡಿ, ಸಾಧ್ಯವಾದರೆ ಪಕ್ಕದ ಕೋಣೆಯಲ್ಲಿ ಇನ್ನೊಬ್ಬರು ಇರುವಾಗಲೇ ಓದಿ. ಒಂದು ಉಸಿರಿಗೆ ಮುಗಿಯದ ವಾಕ್ಯ ಎಲ್ಲಿದೆ, ನಾಲಿಗೆಗೆ ತೊಡರುವ ಸಮಾಸ ಎಲ್ಲಿದೆ ಎಂಬುದು ತಕ್ಷಣವೇ ತಿಳಿಯುತ್ತದೆ. "ಮುಂಗಡ ಹಣವನ್ನು ಹಿಂದಿರುಗಿಸುವಂತೆ ವಿನಂತಿಸಿಕೊಂಡರಂತೆ" ಎಂಬುದನ್ನು ಯಾರೂ ಕಿವಿಯಲ್ಲಿ ಉಸುರಲಾರರು. "ಮುಂಗಡ ವಾಪಸು ಕೇಳಿದರಂತೆ ಕಣ್ರೀ" ಎಂಬುದನ್ನು ಒಂದೇ ಉಸಿರಿಗೆ ಹೇಳಿ ಮುಗಿಸಬಹುದು.